ಹದಿನಾರನೆಯವನ ಉಸಿರು

“ಒಬ್ಬನ ಎಡಗಾಲಿನ ಬೂಟಿಗೆ ಇನ್ನೊಬ್ಬನ ಬಲಗಾಲಿನ ಬೂಟು ಜೋಡಿ ಮಾಡಿದ್ರೆ ಏನಾಗುತ್ತೆ ಡಾಕ್ಟ್ರೇ?”

ಕಾರ್ಖಾನೆಯ ಡಾಕ್ಟರು ನಕ್ಕರು. ಅವರ ಬಿಳಿ ಕೋಟಿನ ಹಾಗೆಯೇ ಇಸ್ತ್ರಿ ಹಾಕಿದಂಥ ನಗು. “ಕುಂಟಬೇಕಾಗುತ್ತೆ ಮೇಡಂ. ಇದನ್ನ ಕೇಳೋದಕ್ಕೆ ಪೊಲೀಸರನ್ನ ಕರ್ಕೊಂಡು ಬರಬೇಕಿತ್ತಾ?”

ಸರಾಸರಿ ಮೇಡಂ ನಗಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಅವರಿಗೆ ಆ ಅಡ್ಡಹೆಸರು ಇಟ್ಟವರು ವಿದ್ಯಾರ್ಥಿಗಳು. ಅದನ್ನು ಅವರ ಮುಖಕ್ಕೇ ಹೇಳುವ ಧೈರ್ಯ ಇದ್ದದ್ದು ಮೈದುನನೊಬ್ಬನಿಗೆ. ಆ ಮೈದುನ ಈಗ ಇನ್‌ಸ್ಪೆಕ್ಟರ್; ಲೆಕ್ಕವೊಂದನ್ನು ನೋಡಲು ಅತ್ತಿಗೆಯನ್ನು ಇಲ್ಲಿಗೆ ಕರೆತಂದವನೂ ಅವನೇ. ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದ.

ಬೂಟು ತಯಾರಿಸುವ ಆ ಕಾರ್ಖಾನೆಯ ಚಿಕಿತ್ಸಾ ಕೋಣೆಯಲ್ಲಿ ಡೆಟಾಲಿನ ವಾಸನೆಗಿಂತ ಅಂಟಿನ ವಾಸನೆಯೇ ಜೋರಾಗಿತ್ತು. ಗೋಡೆಗೆ ಹಚ್ಚಿದ ಬಣ್ಣವೂ ಅದನ್ನು ಕುಡಿದು ಹಳದಿಗಟ್ಟಿದಂತಿತ್ತು. ಕಿಟಕಿಯ ಆಚೆ ಅಂಗಳ, ಅಂಗಳದ ಆಚೆ ಅಂಟು ಬೆರೆಸುವ ಕೋಣೆ. ಕೆಲಸಗಾರರ ಬಾಯಲ್ಲಿ ಅದು ಸಲ್ಯೂಷನ್ ರೂಮು. ಅದರ ಬಾಗಿಲಿಗೆ ಈಗ ಪೊಲೀಸರ ಅರಗಿನ ಮುದ್ರೆ.

ಹೋದ ವಾರ ಕಾರ್ಖಾನೆಯ ನರ್ಸು ಆ ಕೋಣೆಯಲ್ಲೇ ಉಸಿರುಗಟ್ಟಿ ಸತ್ತಿದ್ದಳು. ಅಂಟಿನ ಆವಿ ಹೊರಗೆಳೆಯುವ ಫ್ಯಾನು ನಿಂತಿತ್ತು. ಚಿಲಕ ಹೊರಗಿನಿಂದ ಬಿದ್ದಿತ್ತು. ಬಾಗಿಲು ಬಡಿದ ರಭಸಕ್ಕೆ ತಾನಾಗಿಯೇ ಬಿದ್ದಿರಬೇಕು ಎಂದು ಕಾರ್ಖಾನೆಯವರು ಕೈತೊಳೆದುಕೊಂಡಿದ್ದರು.

“ಫ್ಯಾನು ಹಾಕದೆ ಆ ರೂಮಿಗೆ ಕಾಲಿಡಬೇಡಿ ಅಂತ ಎಲ್ಲರಿಗೂ ಬಯ್ತಾ ಇದ್ದವಳು ಆಕೆ,” ಎಂದ ಇನ್‌ಸ್ಪೆಕ್ಟರ್. “ಅವಳೇ ಫ್ಯಾನು ಹಾಕದೆ ಹೋದ್ಲು ಅಂತೀರಾ?”

“ಮನುಷ್ಯರು ಮರೀತಾರೆ ಸಾರ್.”

“ಅವಳು ಕೊನೇದಾಗಿ ಮಾಡಿದ ಕೆಲಸ ಯಾವುದು?”

ಡಾಕ್ಟರು ಮೇಜಿನ ಮೇಲಿದ್ದ ಯಂತ್ರದ ಕಡೆ ಕಣ್ಣು ಹಾಯಿಸಿದರು. ಉಸಿರು ಅಳೆಯುವ ಯಂತ್ರ. ಬಾಯಿಗಿಟ್ಟು ಊದಲು ಒಂದು ಕೊಳವೆ, ಊದಿದ್ದನ್ನು ತೋರಿಸಲು ಒಂದು ಪರದೆ. ಹೊಸ ಅಂಟು ತಂದ ಮೇಲೆ ಕೆಲಸಗಾರರಿಗೆ ಎದೆ ಬಿಗಿಯುತ್ತದೆ ಎಂಬ ದೂರು ಎದ್ದಿತ್ತು. ಅದಕ್ಕೇ ಅಂಟು ಹಚ್ಚುವ ಹದಿನಾರು ಜನರನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಊದಿಸಿ ನೋಡಿದ್ದರು. ಊದಿಸಿದವಳು ನರ್ಸು.

“ಆ ಪರೀಕ್ಷೆಯ ಉತ್ತರ ಎಲ್ಲರಿಗೂ ಗೊತ್ತಿರೋದೇ ಅಲ್ವಾ,” ಎಂದರು ಡಾಕ್ಟರು. “ಬೆಳಗಿನ ಉಸಿರಿಗೂ ಸಂಜೆಯ ಉಸಿರಿಗೂ ವ್ಯತ್ಯಾಸ ಇಲ್ಲ. ಅಂಟಿನಿಂದ ಯಾರಿಗೂ ಏನೂ ಆಗಿಲ್ಲ. ಒಬ್ಬೊಬ್ಬನ ಎರಡೂ ಅಳತೆ ಹೋಲಿಸೋ ಜೋಡಿ ಟಿ ಪರೀಕ್ಷೆ ಮಾಡಿಸಿದ್ದೀವಿ ಮೇಡಂ. ನಿಮಗೆ ನಾನು ಹೇಳಿಕೊಡಬೇಕಾ?”

“ಹೇಳಿಕೊಡೋದು ಬೇಡ. ಪರದೆ ಈ ಕಡೆ ತಿರುಗಿಸಿ.”

ಡಾಕ್ಟರು ಕುರ್ಚಿ ಹಿಂದೆ ಸರಿಸಿದರು. ಆಮೇಲೆ ತಿರುಗಿಸಿದರು.

ಮೇಡಂ ಕನ್ನಡಕ ಮೂಗಿನ ಮೇಲೆ ಏರಿಸಿ, ಗೋಡೆಯ ಬಿಳಿ ಹಲಗೆಯ ಮೇಲೆ ಅಡ್ಡಗೆರೆ ಎಳೆದು, ನಡುವೆ ಒಂದು ಸೊನ್ನೆ ಬರೆದರು.

“ಬಾ ಇಲ್ಲಿ,” ಎಂದು ಮೈದುನನನ್ನು ಕರೆದರು. “ನಿನಗೂ ಅರ್ಥ ಆಗಬೇಕು.”

“ನಾನು ಲೆಕ್ಕದಲ್ಲಿ ಪಾಸಾಗಿದ್ದೇ ನಿಮ್ಮ ಪುಣ್ಯದಿಂದ ಅತ್ತಿಗೆ. ಮೆಲ್ಲಗೆ ಹೇಳಿ.”

“ಬೂಟಿನ ಮಾತು ಅದಕ್ಕೇ ಎತ್ತಿದ್ದು. ಒಬ್ಬ ಪೈಲ್ವಾನ ಇರ್ತಾನೆ, ಒಬ್ಬ ಕಡ್ಡಿ ಪೈಲ್ವಾನ ಇರ್ತಾನೆ. ಇವನ ಬೆಳಗನ್ನ ಅವನ ಸಂಜೆಗೆ ಹೋಲಿಸಬಾರದು. ಅವನ ಬೆಳಗು, ಅವನದೇ ಸಂಜೆ. ಸಂಜೆಯಿಂದ ಬೆಳಗನ್ನ ಕಳೆದರೆ ಒಬ್ಬೊಬ್ಬನಿಗೆ ಒಂದೊಂದು ವ್ಯತ್ಯಾಸ. ಹದಿನಾರು ಜನಕ್ಕೆ ಹದಿನಾರು ಚುಕ್ಕಿ. ಉಸಿರು ಇಳಿದಿದ್ರೆ ಸೊನ್ನೆಯ ಎಡಕ್ಕೆ, ಏರಿದ್ರೆ ಬಲಕ್ಕೆ.”

ಅವರು ಪರದೆ ನೋಡುತ್ತ ಚುಕ್ಕಿ ಇಡತೊಡಗಿದರು. ಎಡಕ್ಕೆ ಒಂದು. ಎಡಕ್ಕೆ ಮತ್ತೊಂದು. ಮತ್ತೆ ಎಡಕ್ಕೆ. ಸೊನ್ನೆಯ ಎಡಕ್ಕೆ ಚುಕ್ಕಿಗಳು ಇರುವೆಗಳ ಹಾಗೆ ಮುತ್ತಿಕೊಂಡವು.

ಕೊನೆಯ ಚುಕ್ಕಿಗೆ ಗೆರೆ ಸಾಲಲಿಲ್ಲ. ಮೇಡಂ ಗೆರೆಯನ್ನು ಬಲಕ್ಕೆ ಎಳೆದರು, ಇನ್ನೂ ಎಳೆದರು, ಹಲಗೆಯ ಅಂಚಿಗೆ ಹೋಗಿ ಒಂಟಿ ಚುಕ್ಕಿ ಇಟ್ಟರು.

ಇನ್‌ಸ್ಪೆಕ್ಟರ್ ಸಣ್ಣಗೆ ಶಿಳ್ಳೆ ಹಾಕಿದ. “ಇವನ್ಯಾರು? ಊರೆಲ್ಲ ಒಂದು ದಾರಿ ಹಿಡಿದ್ರೆ ಇವನೊಬ್ಬ ಬೇರೆ ದಾರಿ ಹಿಡಿದಿದ್ದಾನೆ.”

“ಹದಿನೈದು ಜನ ತಲಾ ಒಂದು ಸಣ್ಣ ಲೋಟದಷ್ಟು ಉಸಿರು ಕಳ್ಕೊಂಡಿದ್ದಾರೆ. ಹದಿನಾರನೆಯವನೊಬ್ಬನೇ ಎರಡು ಲೀಟರ್ ಗಳಿಸಿದ್ದಾನೆ. ಹದಿನೈದು ಜನ ಕಳ್ಕೊಂಡಿದ್ದನ್ನೆಲ್ಲ ಇವನೊಬ್ಬ ತುಂಬಿಕೊಟ್ಟ. ಕೂಡಿ ಭಾಗಿಸಿದ್ರೆ ಸರಾಸರಿ ಹೆಚ್ಚುಕಮ್ಮಿ ಸೊನ್ನೆ. ಟಿ ಪರೀಕ್ಷೆ ನೋಡೋದು ಆ ಸರಾಸರಿಯನ್ನ. ಇವನು ಅಷ್ಟು ದೂರ ನಿಂತಿದ್ರಿಂದ ಅಂಕಿಗಳ ಹರಡಿಕೆ ಕೂಡ ಊದಿಕೊಳ್ತು. ವ್ಯತ್ಯಾಸ ಇಲ್ಲ ಅಂತ ಉತ್ತರ ಬಂತು.”

“ನಿಮ್ಮ ಹೆಸರಿನವರೇ ಮೋಸ ಮಾಡಿದ್ರು ಅನ್ನಿ.”

“ತಮಾಷೆ ಸಾಕು. ಈಗ ನೋಡು.” ಮೇಡಂ ಪ್ರತಿ ಚುಕ್ಕಿಯ ಕೆಳಗೆ ಅಂಕಿ ಬರೆಯುತ್ತ ಹೋದರು. “ಎಷ್ಟು ದೂರ ಅನ್ನೋದನ್ನ ಮರೆತುಬಿಡೋಣ. ಸೊನ್ನೆಗೆ ಎಲ್ಲರಿಗಿಂತ ಹತ್ತಿರ ಇರೋನಿಗೆ ಒಂದು, ಅವನ ನಂತರದವನಿಗೆ ಎರಡು. ಸಾಲಲ್ಲಿ ಯಾರ ಜಾಗ ಎಷ್ಟನೇದು ಅನ್ನೋದಷ್ಟೇ ಲೆಕ್ಕ.”

“ಅಂದ್ರೆ ಪರೇಡಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ. ಕೊನೆಯವನು ಆರಡಿ ಇರಲಿ, ದೀಪದ ಕಂಬದಷ್ಟೇ ಇರಲಿ, ಅವನು ಹದಿನಾರನೆಯವನೇ.”

ಮೇಡಂ ಮೊದಲ ಸಲ ಅವನತ್ತ ಮೆಚ್ಚುಗೆಯಿಂದ ನೋಡಿದರು. “ಅಷ್ಟೇ. ಇದು ವಿಲ್ಕಾಕ್ಸನ್ನರ ಶ್ರೇಯಾಂಕ ಪರೀಕ್ಷೆ. ಒಂದರಿಂದ ಹದಿನಾರರವರೆಗೆ ಕೂಡಿದ್ರೆ ನೂರ ಮೂವತ್ತಾರು. ಅಂಟಿನಿಂದ ಏನೂ ಆಗಿಲ್ಲ ಅಂದ್ರೆ ಇಳಿದವರ ಪಾಲಿಗೂ ಏರಿದವರ ಪಾಲಿಗೂ ಅಂದಾಜು ಅರ್ಧರ್ಧ ಬರಬೇಕು. ಇಲ್ಲಿ ಏರಿದವನ ಪಾಲಿಗೆ ಬರೀ ಹದಿನಾರು. ಉಳಿದ ನೂರಿಪ್ಪತ್ತೂ ಇಳಿದವರದು. ಸುಮ್ಮನೆ, ಅದೃಷ್ಟದಾಟದಲ್ಲಿ ಹೀಗಾಗೋದು ಸಾವಿರಕ್ಕೆ ಹತ್ತು ಸಲವೂ ಇಲ್ಲ.”

ಡಾಕ್ಟರು ಕುರ್ಚಿಗೆ ಒರಗಿದರು. ನಗು ಹಾಗೆಯೇ ಇತ್ತು. ಕಣ್ಣು ಮಾತ್ರ ತಣ್ಣಗಾಗಿತ್ತು.

“ಒಂದು ಮಾತು ಕೇಳ್ಲಾ ಮೇಡಂ? ಒಂದು ಪರೀಕ್ಷೆ ಮಾಡಿದ್ವಿ. ಉತ್ತರ ನಿಮಗೆ ರುಚಿಸಲಿಲ್ಲ. ಇನ್ನೊಂದು ಪರೀಕ್ಷೆ ತೆಗೆದ್ರಿ. ಅದೂ ರುಚಿಸದಿದ್ರೆ ಮೂರನೇದು. ಬೇಕಾದ ಉತ್ತರ ಸಿಗೋವರೆಗೂ ಪರೀಕ್ಷೆ ಬದಲಾಯಿಸ್ತಾ ಹೋಗೋದು ಯಾವ ಶಾಸ್ತ್ರ? ನಿಮ್ಮ ಹುಡುಗರಿಗೆ ಇದನ್ನೇ ಕಲಿಸ್ತೀರಾ?”

ಮಾತು ನೆಟ್ಟಗೆ ಎದೆಗೇ ನಾಟಿತು. ತರಗತಿಯಲ್ಲಿ ತಾವೇ ಹುಡುಗರಿಗೆ ಬೈದ ಮಾತು ಅದು. ಈ ಮನುಷ್ಯ ದಡ್ಡನಲ್ಲ ಎಂದು ಮೇಡಂಗೆ ಮೊದಲ ಬಾರಿಗೆ ಅನ್ನಿಸಿತು. ದಡ್ಡನಲ್ಲದವನು ಇಷ್ಟು ಸಮಾಧಾನವಾಗಿ ಕೂತಿದ್ದಾನೆಂದರೆ ಕೈಯಲ್ಲಿ ಇನ್ನೇನೋ ಇಟ್ಟುಕೊಂಡಿರಬೇಕು.

“ಒಳ್ಳೇ ಪ್ರಶ್ನೆ,” ಎಂದರು. “ಆದ್ರೆ ಟಿ ಪರೀಕ್ಷೆಗೆ ಒಂದು ಷರತ್ತಿದೆ ಡಾಕ್ಟ್ರೇ. ವ್ಯತ್ಯಾಸಗಳು ನಡುವೆ ದಟ್ಟವಾಗಿ, ಎರಡೂ ಕಡೆ ತೆಳುವಾಗ್ತಾ, ಗಂಟೆಯ ಆಕಾರದಲ್ಲಿ ಇರಬೇಕು. ನೂರಾರು ಜನ ಇದ್ರೆ ಸ್ವಲ್ಪ ಹೆಚ್ಚುಕಮ್ಮಿ ನಡೆದುಹೋಗುತ್ತೆ. ಹದಿನಾರೇ ಜನ ಇದ್ದಾಗ ಚುಕ್ಕಿ ನೋಡದೆ ಮುಂದೆ ಹೋಗೋ ಹಾಗಿಲ್ಲ. ಇದು ಯಾವ ಗಂಟೆ? ನಾನು ಉತ್ತರ ನೋಡಿ ಪರೀಕ್ಷೆ ಬಿಡಲಿಲ್ಲ. ಚುಕ್ಕಿ ನೋಡಿ ಬಿಟ್ಟೆ.”

“ಹದಿನಾರನೆಯವನನ್ನ ತೆಗೆದುಹಾಕಿದ್ರೆ ನಿಮ್ಮ ಕೆಲಸ ಇನ್ನೂ ಸುಲಭ ಆಗ್ತಿತ್ತಲ್ವಾ?”

“ನಾನು ಯಾರನ್ನೂ ತೆಗೆದುಹಾಕಿಲ್ಲ. ಅವನು ಸಾಲಲ್ಲೇ ಇದ್ದಾನೆ, ಎಲ್ಲರಿಗಿಂತ ದೊಡ್ಡ ಅಂಕಿ ಅವನಿಗೇ ಕೊಟ್ಟಿದ್ದೀನಿ. ಅವನ ಗಂಟಲು ಜೋರು ಅಂತ ಉಳಿದ ಹದಿನೈದು ಜನರ ಮಾತು ಮುಚ್ಚಿಹೋಗಬಾರದು, ಅಷ್ಟೇ.” ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಪರೀಕ್ಷೆ ಕೊಲೆಗಾರನನ್ನ ಹಿಡಿದುಕೊಡಲ್ಲ ಡಾಕ್ಟ್ರೇ. ಎಲ್ಲಿ ನೋಡಬೇಕು ಅಂತ ಮಾತ್ರ ಹೇಳುತ್ತೆ. ನನಗೆ ಆ ಹದಿನಾರನೆಯವನನ್ನ ನೋಡಬೇಕು.”

ಕೊಲೆಗಾರ ಎಂಬ ಮಾತು ಅಲ್ಲಿಯವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಡಾಕ್ಟರು ಕೋಟಿನ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಇನ್‌ಸ್ಪೆಕ್ಟರ್ ಬಾಗಿಲು ತೆರೆದು ಹೊರಗಿದ್ದ ಪೇದೆಗೆ ಏನೋ ಹೇಳಿದ.

ಬಂದವನಿಗೆ ಕಾರ್ಖಾನೆಯಲ್ಲಿ ಪೀಪಿ ಎಂದು ಹೆಸರು. ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲು ದಾಟಿ ಬರುವ ಮೊದಲೇ ಅವನ ಎದೆಯ ಸುಯ್ ಸುಯ್ ಸದ್ದು ಕೋಣೆಗೆ ಬಂದಿತ್ತು. ಒಣಗಿದ ಮೈ, ಅಂಟು ಮೆತ್ತಿ ಗಟ್ಟಿಯಾದ ಬೆರಳುಗಳು. ಡಾಕ್ಟರನ್ನು ಕಂಡವನೇ ಗೋಡೆಗೆ ಅಂಟಿಕೊಂಡು ನಿಂತ.

“ಹೆದರಬೇಡಪ್ಪಾ,” ಎಂದರು ಮೇಡಂ. “ಈ ಕೊಳವೆ ಬಾಯಿಗಿಟ್ಟು ಒಂದು ಸಲ ಜೋರಾಗಿ ಊದು.”

ಪೀಪಿ ಕೊಳವೆಯನ್ನು ನೋಡಿದ ರೀತಿ, ಯಾರೋ ಕೈಗೆ ಹಾವು ಕೊಟ್ಟ ಹಾಗಿತ್ತು. ಊದಿದ. ಪರದೆಯ ಮೇಲೆ ಒಂದು ಪುಟ್ಟ ಗುಡ್ಡ ಎದ್ದು, ಅಲ್ಲೇ ಕುಸಿಯಿತು. ಅವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಮೇಡಂ ಅವನಿಗೆ ಕುರ್ಚಿ ಕೊಟ್ಟು, ಕೆಮ್ಮು ನಿಲ್ಲುವವರೆಗೂ ಕಾದರು. ಮತ್ತೊಮ್ಮೆ ಊದಿಸಿದರು. ಮತ್ತದೇ ಗುಡ್ಡ.

“ಇವತ್ತು ಅವನ ಮೈ ಸರಿ ಇಲ್ಲ,” ಎಂದರು ಡಾಕ್ಟರು.

“ಇರಬಹುದು. ಆದ್ರೆ ಪರೀಕ್ಷೆ ದಿನ ಬೆಳಗ್ಗೆ ಊದಿದ್ದು ಕೂಡ ಹೀಗೇ ಇದೆ. ಇಲ್ಲಿ ನೋಡಿ.” ಮೇಡಂ ಗುಂಡಿ ಒತ್ತಿದರು. ಗುಡ್ಡದ ಪಕ್ಕ ಅಂಥದೇ ಇನ್ನೊಂದು ಗುಡ್ಡ ಬಂದು ಕೂತಿತು. “ಇದು ಅವತ್ತಿನ ಸಂಜೇದು.”

ಪರದೆಯ ಮೇಲೆ ಒಂದು ಬೆಟ್ಟ ಎದ್ದಿತು. ಕಡಿದಾಗಿ ಏರಿ, ನಿಧಾನವಾಗಿ, ನುಣ್ಣಗೆ ಇಳಿಯುವ ಬೆಟ್ಟ. ಆರೋಗ್ಯವಂತ ಎದೆಯೊಂದು ತನ್ನ ಒಳಗಿನದ್ದೆಲ್ಲವನ್ನೂ ಒಂದೇ ಪಟ್ಟಿಗೆ ಹೊರಹಾಕಿದ ಗುರುತು.

“ಇದು ನಿನ್ನ ಉಸಿರಲ್ಲ,” ಎಂದರು ಮೇಡಂ ಮೆಲ್ಲಗೆ. “ಯಾರದು?”

ಪೀಪಿಯ ಕಣ್ಣು ಡಾಕ್ಟರ ಕಡೆ ಹೋಯಿತು. ಇನ್‌ಸ್ಪೆಕ್ಟರ್ ಇಬ್ಬರ ನಡುವೆ ಬಂದು ನಿಂತು ಆ ನೋಟವನ್ನು ಕತ್ತರಿಸಿದ.

“ನನ್ನ ಕಡೆ ನೋಡಿ ಹೇಳಣ್ಣಾ.”

“ಸಿಸ್ಟರಮ್ಮಂದು.” ಮಾತಿನ ಜೊತೆ ಅಳುವೂ ಬಂತು. “ಉಸಿರು ಕಮ್ಮಿ ಬಂದವರನ್ನ ಮನೆಗೆ ಕಳಿಸ್ತಾರೆ ಅಂತ ಸುದ್ದಿ ಇತ್ತು ಸಾಹೇಬ್ರೇ. ಬೆಳಗ್ಗೆನೇ ನಂದು ಎಲ್ಲರಿಗಿಂತ ಕಮ್ಮಿ. ಸಂಜೆ ಊದಿದ್ರೆ ಇನ್ನೂ ಇಳೀತಿತ್ತು. ಮನೇಲಿ ದುಡಿಯೋನು ನಾನೊಬ್ಬನೇ. ಕಾಲು ಹಿಡ್ಕೊಂಡೆ. ಆಮೇಲೆ ಬಾಗಿಲು ಹಾಕಿ, ಕೊಳವೆ ತಗೊಂಡು ತಾವೇ ಊದಿಬಿಟ್ರು. ಈಜಿನಲ್ಲಿ ಗೆದ್ದವರಲ್ವಾ ಅವರು, ಎಷ್ಟು ಬರುತ್ತೆ ಅಂತ ಅವರಿಗೇ ಅಂದಾಜಿರಲಿಲ್ಲ. ಪರದೆ ನೋಡಿ ಅವರೇ ಗಾಬರಿ ಆದ್ರು. ಅಳಿಸೋಕೆ ಹೋದ್ರು. ಯಂತ್ರ ಬಿಡಲಿಲ್ಲ.”

ಮೇಡಂ ಹಲಗೆಯ ಕಡೆ ತಿರುಗಿದರು. ಅಂಚಿನಲ್ಲಿದ್ದ ಒಂಟಿ ಚುಕ್ಕಿ. ಇಷ್ಟು ಹೊತ್ತು ಅದನ್ನು ಮೋಸ ಎಂದುಕೊಂಡಿದ್ದರು. ಯಾರದೋ ಕುತಂತ್ರ, ಯಾವುದೋ ಲಾಭದ ಆಸೆ. ಅದು ಒಬ್ಬ ಹೆಂಗಸಿನ ಕರುಣೆ. ಆ ಒಂದು ಉಸಿರಿನ ಕರುಣೆಯಲ್ಲಿ ಹದಿನೈದು ಜನರ ಎದೆಯ ಸಂಕಟ ಮುಳುಗಿಹೋಗಿತ್ತು. ಪರದೆಯ ಮೇಲೆ ಆ ಬೆಟ್ಟ ಇನ್ನೂ ಹಸುರಾಗಿ ಹೊಳೆಯುತ್ತಿತ್ತು. ಸತ್ತವಳ ಉಸಿರು.

“ಆಮೇಲೆ?” ಎಂದ ಇನ್‌ಸ್ಪೆಕ್ಟರ್.

“ಏನೂ ಆಗಿಲ್ಲ ಅಂತ ರಿಪೋರ್ಟು ಬಂದ ದಿನ ನನ್ನ ಹುಡುಕ್ಕೊಂಡು ಬಂದ್ರು. ಮುಖದಲ್ಲಿ ರಕ್ತ ಇರಲಿಲ್ಲ. ‘ನಾನು ಊದಿದ್ದು ನಿಮ್ಮೆಲ್ಲರ ಬಾಯಿ ಮುಚ್ಚಿಸಿಬಿಡ್ತು ಕಣಪ್ಪಾ, ಸರಿ ಮಾಡಲೇಬೇಕು’ ಅಂದ್ರು. ‘ಡಾಕ್ಟ್ರಿಗೆ ಹೇಳ್ತೀರಾ?’ ಅಂದೆ. ‘ಇಲ್ಲ, ಇದನ್ನ ಲೆಕ್ಕ ಹಾಕಿದವರನ್ನೇ ಕರೆಸಿ ಹೇಳ್ತೀನಿ, ಅವರು ತಿದ್ದಿದ್ರೆ ಯಾರೂ ಇಲ್ಲ ಅನ್ನೋಕಾಗಲ್ಲ’ ಅಂದ್ರು.” ಪೀಪಿ ಮೂಗು ಒರೆಸಿಕೊಂಡ. “ಮಾರನೇ ದಿನ ಅವರೇ ಇರಲಿಲ್ಲ.”

ಇನ್‌ಸ್ಪೆಕ್ಟರ್ ಟೋಪಿಯನ್ನು ಮೇಜಿನ ಮೇಲಿಟ್ಟು, ಡಾಕ್ಟರ ಕುರ್ಚಿಯ ಎರಡೂ ಕೈಗಳ ಮೇಲೆ ತನ್ನ ಕೈ ಊರಿ ಬಗ್ಗಿದ.

“ಲೆಕ್ಕ ಹಾಕಿದವರು ನೀವೇ ಅಲ್ವಾ ಡಾಕ್ಟ್ರೇ?”

“ನಾನು ಹಾಗಂತ ಯಾವಾಗ ಹೇಳಿದೆ? ಮಾಡಿಸಿದ್ದೀವಿ ಅಂದೆ.” ಡಾಕ್ಟರ ಧ್ವನಿ ಒಂದಿಷ್ಟೂ ಏರಲಿಲ್ಲ. “ನನಗೆ ಆ ಲೆಕ್ಕ ಬರಲ್ಲ ಸಾರ್. ಹೊರಗಡೆ ಕೊಟ್ಟು ಮಾಡಿಸಿದೆ.”

“ಯಾರಿಗೆ ಕೊಟ್ರಿ?”

ಡಾಕ್ಟರು ಇನ್‌ಸ್ಪೆಕ್ಟರನ ಹೆಗಲಾಚೆ ನೋಡಿದರು. ನೋಟ ನೇರವಾಗಿ ಮೇಡಂ ಮೇಲೆ ನಿಂತಿತು. ಅದರಲ್ಲಿ ದ್ವೇಷವಿರಲಿಲ್ಲ, ಕನಿಕರದ ಹಾಗೆ ಏನೋ ಇತ್ತು. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

“ನಿಮಗೆ ನಿಜವಾಗ್ಲೂ ಗೊತ್ತಿಲ್ವಾ ಮೇಡಂ? ಈ ಕೋಣೆಗೆ ಕಾಲಿಟ್ಟಾಗಿಂದ ಕಾಯ್ತಾ ಇದ್ದೀನಿ, ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ.”

“ಏನನ್ನ?”

“ನಿಮ್ಮ ಮಗಳು ಲೆಕ್ಕದಲ್ಲಿ ತುಂಬ ಜಾಣೆ. ನಿಮ್ಮ ಹೆಸರು ಹೇಳಿದ್ಲು ಅಂತಲೇ ಕೆಲಸ ಕೊಟ್ಟಿದ್ದು. ‘ಅಮ್ಮನಿಗೆ ಹೇಳಬೇಡಿ, ನಾನೇ ಹೇಳ್ತೀನಿ’ ಅಂದಿದ್ಲು. ಹೇಳಲಿಲ್ಲ ಅಂತ ಕಾಣುತ್ತೆ.”

ಮೇಡಂ ಕೈಯಿಂದ ಪೆನ್ನು ಬಿತ್ತು. ಉರುಳುತ್ತ ಹೋಗಿ ಪೀಪಿಯ ಕಾಲ ಬಳಿ ನಿಂತಿತು.

ಒಬ್ಬಳೇ ಮಗಳು. ಅಮ್ಮನ ವಿಷಯವನ್ನೇ ಹಿಡಿದು, ಅರ್ಧ ದಿನದ ರೈಲು ದಾರಿಯ ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು. ಚುಕ್ಕಿ ಇಡದೆ ಯಾವ ಪರೀಕ್ಷೆಗೂ ಕೈ ಹಾಕಬೇಡ ಎಂದು ಅವಳಿಗೆ ಹೇಳಿಕೊಟ್ಟವರು ಮೇಡಂ ತಾವೇ. ಚುಕ್ಕಿ ಇಟ್ಟಿದ್ದರೆ ಅವಳ ಕಣ್ಣಿಗೆ ಆ ಒಂಟಿ ಚುಕ್ಕಿ ಬೀಳದಿರಲು ಸಾಧ್ಯವೇ ಇಲ್ಲ. ಅಂದರೆ ಅವಳು ಇಟ್ಟಿಲ್ಲ. ಇಲ್ಲವೆ ಇಟ್ಟು, ನೋಡಿ, ಸುಮ್ಮನಾಗಿದ್ದಾಳೆ.

“ಅತ್ತಿಗೆ,” ಎಂದ ಇನ್‌ಸ್ಪೆಕ್ಟರ್. ಅವನ ಧ್ವನಿಯಲ್ಲಿ ಈಗ ಮೈದುನನೂ ಇದ್ದ, ಪೊಲೀಸನೂ ಇದ್ದ. “ಪುಟ್ಟಿಗೆ ಫೋನ್ ಮಾಡಿ. ಎಲ್ಲಿದ್ದಾಳೆ ಅಂತ ಮಾತ್ರ ಕೇಳಿ. ಬೇರೇನೂ ಹೇಳಬೇಡಿ.”

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತು ನಂಬರು ಒತ್ತಿ, ಫೋನನ್ನು ಕಿವಿಗೆ ಒತ್ತಿ ಹಿಡಿದರು. ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಆ ಕಡೆಯಿಂದ ಚಟಪಟ ಉತ್ತರ ಬಂತು. “ಏನಮ್ಮಾ?”

“ಎಲ್ಲಿದ್ದೀಯೇ?”

“ಹಾಸ್ಟೆಲಲ್ಲೇ ಅಮ್ಮಾ. ರೂಮಲ್ಲಿ ಓದ್ತಾ ಕೂತಿದ್ದೀನಿ. ಯಾಕೆ?”

ಆಗಲೇ ಪಾಳಿ ಬಿಡುವ ಸೈರನ್ ಕೂಗಿತು. ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ, ಉದ್ದಕ್ಕೆ. ಮೇಡಂ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಆದರೂ ಸದ್ದು ನಿಲ್ಲಲಿಲ್ಲ. ಅದು ಫೋನಿನೊಳಗಿಂದಲೂ ಬರುತ್ತಿತ್ತು.

“ಅದೇನು ಸದ್ದು?”

ಆ ಕಡೆಯೂ ಸೈರನ್ನೇ ತುಂಬಿತ್ತು.

“ಯಾವ ಸದ್ದಮ್ಮಾ? ಏನೂ ಇಲ್ವಲ್ಲ. ಆಮೇಲೆ ಮಾಡ್ತೀನಿ.”

ಫೋನು ಕಟ್ಟಾಯಿತು. ಸೈರನ್ ಕೂಡ ನಿಂತಿತು. ಅಂಗಳಕ್ಕೆ ಕೆಲಸಗಾರರ ಕಾಲ ಸಪ್ಪಳ ಇಳಿಯತೊಡಗಿತು.

“ಎಲ್ಲಿದ್ದಾಳಂತೆ?”

ಮೇಡಂ ಫೋನನ್ನು ಮಡಿಲಲ್ಲಿ ಬೋರಲು ಇಟ್ಟರು. ಮೈದುನನ ಮುಖ ನೋಡಿದರು. ಅವನಿಗೆ ಅವರು ಈವರೆಗೆ ಒಂದೇ ಒಂದು ಸುಳ್ಳು ಹೇಳಿದ್ದಿಲ್ಲ. ಅವನ ಅಣ್ಣ ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಗೊತ್ತಾದ ದಿನ ಕೂಡ.

“ಹಾಸ್ಟೆಲಲ್ಲಿ,” ಎಂದರು. “ಓದ್ತಾ ಕೂತಿದ್ದಾಳೆ.”

ಇನ್‌ಸ್ಪೆಕ್ಟರ್ ಉಸಿರು ಬಿಟ್ಟು ತಲೆಯಾಡಿಸಿದ. ಟೋಪಿ ಎತ್ತಿಕೊಂಡ.

ಪೀಪಿ ಮಾತ್ರ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ. ಅವನ ಕಣ್ಣು ಕಿಟಕಿಯ ಆಚೆ ನೆಟ್ಟಿತ್ತು. ಹೊರಬರುತ್ತಿದ್ದ ಗುಂಪಿನ ಎದುರು ದಿಕ್ಕಿಗೆ, ಮುದ್ರೆ ಹಾಕಿದ ಬಾಗಿಲಿನ ಕಡೆ, ಯಾರೋ ತಲೆ ತಗ್ಗಿಸಿ ನಡೆದು ಹೋಗುತ್ತಿದ್ದರು.

“ಸಾಹೇಬ್ರೇ, ಅಗೋ ಅಲ್ಲಿ,” ಎಂದು ಅವನು ಅಂಟು ಮೆತ್ತಿದ ಬೆರಳು ಎತ್ತಿ ತೋರಿಸಿದ. “ನೀವು ಯಾರೂ ಕೇಳಲಿಲ್ಲ ಅಂತ ನಾನೂ ಹೇಳಿರಲಿಲ್ಲ. ಸಿಸ್ಟರಮ್ಮ ಹೋದ ದಿನ ಸಲ್ಯೂಷನ್ ರೂಮಿನ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ ಹುಡುಗಿ ಅವಳೇ.”

ಇನ್‌ಸ್ಪೆಕ್ಟರ್ ಎರಡೇ ಹೆಜ್ಜೆಗೆ ಕಿಟಕಿ ಮುಟ್ಟಿದ. ಬಾಗಿ ನೋಡಿದ. ಅವನ ಬೆನ್ನು ನಿಧಾನವಾಗಿ ಸೆಟೆದು ನಿಂತದ್ದನ್ನು ಮೇಡಂ ಕೂತಲ್ಲಿಂದಲೇ ನೋಡಿದರು.

“ಅತ್ತಿಗೆ,” ಎಂದ ಅವನು, ತಿರುಗದೆ.